ಔಷಧಿಗೆ ಒಗ್ಗಿಹೋಗುವುದು ಯಾರು?

ಕೆಲವು ದಿನಗಳ ಹಿಂದೆ ಒಂದು ಪಿಯು ಕಾಲೇಜಿಗೆ ಹೋಗಿದ್ದೆ. ಅಲ್ಲಿ ವಿಜ್ಞಾನ ಸಂಘದ ಉದ್ಘಾಟನೆ. ವೈರಸ್‌ಗಳ ಬಗ್ಗೆ ಒಂದು ಗಂಟೆ ಮಾತಾಡಿ ಎಂದಿದ್ದರು, ಮಾತಾಡಿದೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎಂದಿನಂತೆ ಎಲ್ಲರೂ ನೆಲ ನೋಡತೊಡಗಿದರು. ಅಲ್ಲಿನ ಉಪನ್ಯಾಸಕಿಯೊಬ್ಬರು ಜಾಣೆ. ‘ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ’ ಎಂದರು. ಐದೇ ನಿಮಿಷದಲ್ಲಿ ಮೇಜಿನ ಮೇಲೆ ಚೀಟಿಗಳ ರಾಶಿ ಬಿತ್ತು!

ಒಂದು ಚೀಟಿಯಲ್ಲಿ ಹೀಗಿತ್ತು: ‘ಎಚ್‌ಐವಿ ಇರುವವರು ದಿನಾಲೂ ಮಾತ್ರೆ ತಿಂದರೆ ದೇಹಕ್ಕೆ ಅದು ಒಗ್ಗಿಹೋಗಿ ಕೊನೆಗೆ ಕೆಲಸ ಮಾಡುವುದಿಲ್ಲವಂತೆ, ನಿಜವೇ?’ ಒಳ್ಳೆಯ ಪ್ರಶ್ನೆ. ಅದಕ್ಕೆ ಅಲ್ಲಿಯೇ ನಾಲ್ಕು ಮಾತು ಹೇಳಿದೆ. ಇನ್ನೊಂದು ಚೀಟಿಯನ್ನು ನಾಲ್ಕಾಗಿ ಮಡಚಿದ್ದರು. ಸಣ್ಣ ಅಕ್ಷರ. ‘ಹಾಸ್ಟೆಲಿನಲ್ಲಿ ಎಲ್ಲರ ಎದುರು ಮಾತ್ರೆ ನುಂಗಲು ಆಗುವುದಿಲ್ಲ. ಆಗಾಗ ಬಿಟ್ಟುಹೋದರೆ ಏನಾಗುತ್ತದೆ?’ ಯಾವ ಮಾತ್ರೆ ಎಂದು ಬರೆದಿರಲಿಲ್ಲ. ಆ ದಿನದ ವಿಷಯ ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಯೂ ಇರಲಿಲ್ಲ.

ಆ ಚೀಟಿಯನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಓದಿದ್ದರೆ ಇಡೀ ಸಭೆ ಉತ್ತರವನ್ನು ಕೇಳುತ್ತಿರಲಿಲ್ಲ, ‘ಬರೆದವರು ಯಾರು?’ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಜೇಬಿಗೆ ಹಾಕಿಕೊಂಡು ಬಂದೆ. ಈ ವಾರದ ಅಂಕಣ ಆ ಎರಡೂ ಚೀಟಿಗಳಿಗೆ ಉತ್ತರ. ಎರಡಕ್ಕೂ ಉತ್ತರ ಹುಡುಕಲು ಒಂದೇ ಕಡೆ ಹೋಗಬೇಕು. ವೈರಸ್ಸಿನ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದಿ, ಯಾವ ಔಷಧಿ ಅದಕ್ಕೆ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಹೇಳುವ ಒಂದು ಪರೀಕ್ಷೆ ಇದೆ. ಅಲ್ಲಿಗೆ.

ಎಚ್ಚರತಪ್ಪುವ ಲಿಪಿಕಾರ

ಮೊದಲನೆಯ ಚೀಟಿಗೆ ನೇರ ಉತ್ತರ ಇದು: ಔಷಧಿಗೆ ಒಗ್ಗಿಹೋಗುವುದು ದೇಹವಲ್ಲ, ವೈರಸ್. ಅದೂ ಕಲಿತು ಒಗ್ಗಿಹೋಗುವುದಿಲ್ಲ. ಕಲಿಯಲು ಅದಕ್ಕೆ ಮಿದುಳಿಲ್ಲ. ಅದು ತಪ್ಪು ಮಾಡುತ್ತದೆ, ಅಷ್ಟೆ. ಆ ತಪ್ಪುಗಳಲ್ಲಿ ಒಂದೆರಡು ಅದಕ್ಕೆ ಲಾಭವಾಗಿ ಬಿಡುತ್ತವೆ.

ಅಚ್ಚಿನ ಯಂತ್ರ ಬರುವ ಮುಂಚೆ ನಮ್ಮಲ್ಲಿ ಗ್ರಂಥಗಳನ್ನು ಓಲೆಗರಿಯ ಮೇಲೆ ಕೈಯಲ್ಲೇ ನಕಲು ಮಾಡುತ್ತಿದ್ದರಲ್ಲವೇ? ಲಿಪಿಕಾರ ಎಷ್ಟೇ ಎಚ್ಚರದಿಂದ ಕೂತರೂ ಎಲ್ಲೋ ಒಂದು ಕಡೆ ಕೈತಪ್ಪುತ್ತಿತ್ತು. ‘ಹಾಲು’ ಎಂಬಲ್ಲಿ ‘ಹಾಳು’ ಎಂದು ಬರೆದರೆ ಒಂದೇ ಅಕ್ಷರದ ವ್ಯತ್ಯಾಸ. ಆದರೆ ‘ರೋಗಿ ಬಯಸಿದ್ದೂ ಹಾಲು ಅನ್ನ’ ಎಂಬ ಗಾದೆಯಲ್ಲಿ ಆ ಒಂದಕ್ಷರ ತಪ್ಪಿದರೆ ಊಟದ ಗತಿಯೇನು! ಆ ಓಲೆಯಿಂದ ಮುಂದೆ ನಕಲು ಮಾಡಿದವರೆಲ್ಲ ಅದೇ ತಪ್ಪನ್ನು ಮುಂದುವರಿಸುತ್ತಿದ್ದರು. ಹತ್ತು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಇಂಥ ಪಾಠಾಂತರಗಳನ್ನು ಗುರುತಿಸುವುದೇ ವಿದ್ವಾಂಸರಿಗೆ ದೊಡ್ಡ ಕೆಲಸವಾಗಿತ್ತು.

ಎಚ್‌ಐವಿ ಕೂಡ ಒಂದು ಪುಟ್ಟ ಗ್ರಂಥವೇ. ಸುಮಾರು 9,700 ಅಕ್ಷರಗಳದ್ದು. ಆ ಗ್ರಂಥವನ್ನು ಆರ್‌ಎನ್‌ಎ ಎಂಬ ಲಿಪಿಯಲ್ಲಿ ಬರೆದಿದೆ. ನಮ್ಮ ಬಿಳಿ ರಕ್ತಕಣದೊಳಗೆ ಹೊಕ್ಕ ವೈರಸ್ ಮೊದಲು ಅದನ್ನು ಡಿಎನ್‌ಎ ಲಿಪಿಗೆ ಇಳಿಸಬೇಕು. ಆಮೇಲೆ ಅದನ್ನು ನಮ್ಮದೇ ಕಣದ ಡಿಎನ್‌ಎ ನಡುವೆ ಸೇರಿಸಿ, ನಮ್ಮದೇ ಕಣದಿಂದ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡುವ ಲಿಪಿಕಾರ ವೈರಸ್ಸಿನ ಜೊತೆಯಲ್ಲೇ ಬರುತ್ತಾನೆ. ಅವನ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಅದೊಂದು ಕಿಣ್ವ.

ಈ ಲಿಪಿಕಾರನಿಗೆ ಬರೆದದ್ದನ್ನು ತಿದ್ದುವ ಅಭ್ಯಾಸವಿಲ್ಲ. ಸುಮಾರು 30 ಸಾವಿರ ಅಕ್ಷರಕ್ಕೆ ಒಂದು ತಪ್ಪು. ಅಂದರೆ ಮೂರು ಪ್ರತಿಗಳಿಗೆ ಒಂದು ತಪ್ಪು. ‘ಅಷ್ಟೇನಾ? ನಮ್ಮ ಹುಡುಗ ಒಂದು ಪುಟಕ್ಕೆ ಹತ್ತು ಮಾಡುತ್ತಾನೆ!’ ಎನ್ನಬೇಡಿ. ಪ್ರತಿಗಳ ಸಂಖ್ಯೆ ನೋಡಿ. ಚಿಕಿತ್ಸೆ ಇಲ್ಲದ ರೋಗಿಯ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್‌ಗಳು ಹುಟ್ಟುತ್ತವೆ ಎಂದು ಅಮೆರಿಕದ ಅಲನ್ ಪೆರೆಲ್ಸನ್, ಡೇವಿಡ್ ಹೋ ಮತ್ತು ಸಂಗಡಿಗರು 1996ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಷ್ಟೊಂದು ಪ್ರತಿಗಳಲ್ಲಿ, ಆಗಬಹುದಾದ ಪ್ರತಿಯೊಂದು ಒಂದಕ್ಷರದ ತಪ್ಪೂ ದಿನಾಲೂ ಮತ್ತೆ ಮತ್ತೆ ಆಗುತ್ತಿರುತ್ತದೆ. ಬಹುಪಾಲು ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಅವು ಹಾಗೆಯೇ ನಶಿಸಿಹೋಗುತ್ತವೆ. ಆದರೆ ರೋಗಿ ಮೊದಲ ಮಾತ್ರೆ ನುಂಗುವ ಮುಂಚೆಯೇ, ಆ ಮಾತ್ರೆಗೆ ಜಗ್ಗದ ಒಂದೆರಡು ವೈರಸ್‌ಗಳು ಗುಂಪಿನಲ್ಲಿ ಎಲ್ಲೋ ಕೂತಿರುತ್ತವೆ. ಇದು ನೆನಪಿರಲಿ.

ಕೊಂಡಿಯಿಲ್ಲದ ಬೋಗಿ

ಒಂದಕ್ಷರದ ತಪ್ಪು ಔಷಧಿಯನ್ನು ಹೇಗೆ ಸೋಲಿಸುತ್ತದೆ? ಒಂದು ಉದಾಹರಣೆ ಸಾಕು. ಲ್ಯಾಮಿವುಡಿನ್ ಎಂಬ ಔಷಧಿ ಇದೆ. ನಮ್ಮ ದೇಶದ ಎಚ್‌ಐವಿ ಚಿಕಿತ್ಸೆಯಲ್ಲಿ ಮೊದಲಿನಿಂದ ಇವತ್ತಿನವರೆಗೂ ಇರುವ ಔಷಧಿ ಅದು.

ಲಿಪಿಕಾರ ಕಿಣ್ವ ಡಿಎನ್‌ಎಯನ್ನು ಕಟ್ಟುವುದು ರೈಲಿಗೆ ಬೋಗಿ ಜೋಡಿಸಿದ ಹಾಗೆ. ಎ, ಸಿ, ಜಿ, ಟಿ ಎಂಬ ನಾಲ್ಕು ಬಗೆಯ ಬೋಗಿಗಳು. ಪ್ರತಿ ಬೋಗಿಗೂ ಮುಂದೊಂದು ಕೊಂಡಿ, ಹಿಂದೊಂದು ಕೊಂಡಿ. ಲ್ಯಾಮಿವುಡಿನ್ ನೋಡಲು ‘ಸಿ’ ಬೋಗಿಯಂತೆಯೇ ಇದೆ, ಆದರೆ ಅದಕ್ಕೆ ಹಿಂದಿನ ಕೊಂಡಿ ಇಲ್ಲ. ಕಿಣ್ವ ಮೋಸಹೋಗಿ ಅದನ್ನು ಜೋಡಿಸಿತೋ, ಅಲ್ಲಿಗೆ ರೈಲು ಮುಗಿಯಿತು. ಮುಂದಿನ ಬೋಗಿ ಸಿಕ್ಕಿಸಲು ಜಾಗವೇ ಇಲ್ಲ. ನಕಲು ಅರ್ಧಕ್ಕೇ ನಿಂತುಹೋಗುತ್ತದೆ.

ಈಗ ತಪ್ಪು ಎಲ್ಲಿ ಆಗುತ್ತದೆ ನೋಡಿ. ಈ ಕಿಣ್ವವೂ ಅಮೈನೋ ಆಮ್ಲಗಳ ಸರವೇ. ಅದರ 184ನೇ ಮಣಿ ಮೀಥಿಯೋನಿನ್. ವೈರಸ್ಸಿನ ಗ್ರಂಥದಲ್ಲಿ ಆ ಮಣಿಗೆ ಇರುವ ಸಂಕೇತ ಎಟಿಜಿ. ಎಂದೋ ಒಂದು ನಕಲಿನಲ್ಲಿ ಮೊದಲ ‘ಎ’ ತಪ್ಪಿ ‘ಜಿ’ ಆಯಿತು ಎನ್ನಿ. ಎಟಿಜಿ ಹೋಗಿ ಜಿಟಿಜಿ. ಆಗ ಆ ಜಾಗಕ್ಕೆ ಮೀಥಿಯೋನಿನ್ ಬದಲು ವ್ಯಾಲೀನ್ ಬಂದು ಕೂರುತ್ತದೆ. ವ್ಯಾಲೀನ್‌ನ ಆಕಾರ ಬೇರೆ. ಅದು ಚಾಚಿಕೊಂಡಿರುವ ರೀತಿಗೆ ಲ್ಯಾಮಿವುಡಿನ್ ಒಳಗೆ ಸರಿಯಾಗಿ ಕೂರಲಾಗುವುದಿಲ್ಲ, ತಗಲುತ್ತದೆ. ನಿಜವಾದ ‘ಸಿ’ ಬೋಗಿ ಮಾತ್ರ ಸಲೀಸಾಗಿ ಕೂರುತ್ತದೆ. ಇಂಥ ವೈರಸ್ಸಿನ ಮೇಲೆ ಲ್ಯಾಮಿವುಡಿನ್‌ನ ಪ್ರಭಾವ ನೂರು ಪಟ್ಟಿಗಿಂತಲೂ ಹೆಚ್ಚು ಕುಗ್ಗಿಹೋಗುತ್ತದೆ. ವೈದ್ಯರು ಈ ಬದಲಾವಣೆಯನ್ನು ‘ಎಂ-184-ವಿ’ ಎಂದು ಬರೆಯುತ್ತಾರೆ. ಎಂ ಎಂದರೆ ಮೀಥಿಯೋನಿನ್, ವಿ ಎಂದರೆ ವ್ಯಾಲೀನ್, ನಡುವಿನದು ಮನೆ ನಂಬರು.

ಲಕ್ಷ ದಿನಗಳ ಲೆಕ್ಕ

ಎಚ್‌ಐವಿಗೆ ಮೊದಲ ಔಷಧಿಯಾಗಿ ಎಝಡ್‌ಟಿ ಅಮೆರಿಕದಲ್ಲಿ ಅನುಮತಿ ಪಡೆದದ್ದು 1987ರಲ್ಲಿ. ಎರಡೇ ವರ್ಷ. 1989ರಲ್ಲಿ ಬ್ರೆಂಡನ್ ಲಾರ್ಡರ್ ಮತ್ತು ಸಂಗಡಿಗರು, ಬಹುಕಾಲ ಎಝಡ್‌ಟಿ ತೆಗೆದುಕೊಂಡ ರೋಗಿಗಳ ವೈರಸ್ ಅದಕ್ಕೆ ಜಗ್ಗದಂತಾಗಿದೆ ಎಂದು ವರದಿ ಮಾಡಿದರು. ಒಂದೊಂದೇ ಔಷಧಿ ಕೊಡುತ್ತಿದ್ದ ಆ ವರ್ಷಗಳಲ್ಲಿ ಕೆಲವು ತಿಂಗಳು ಚೇತರಿಸಿಕೊಂಡವರು ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. ಪರಿಸ್ಥಿತಿ ಬದಲಾದದ್ದು 1996ರ ಸುಮಾರಿಗೆ, ಮೂರು ಔಷಧಿಗಳನ್ನು ಒಟ್ಟಿಗೆ ಕೊಡಲು ಶುರು ಮಾಡಿದಾಗ.

ಮೂರೇ ಏಕೆ? ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಿ. ಒಂದು ನಿರ್ದಿಷ್ಟ ಅಕ್ಷರ ತಪ್ಪಿ ಇನ್ನೊಂದು ನಿರ್ದಿಷ್ಟ ಅಕ್ಷರವಾಗುವ ಸಂಭವ ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳೋಣ. ದಿನಕ್ಕೆ 1,000 ಕೋಟಿ ಪ್ರತಿ. ಒಂದೇ ಔಷಧಿಯಾದರೆ ಅದಕ್ಕೆ ಜಗ್ಗದ ವೈರಸ್‌ಗಳು ದಿನಕ್ಕೆ ಒಂದು ಲಕ್ಷ ಹುಟ್ಟುತ್ತವೆ. ಎರಡು ಔಷಧಿಗಳಿಗೂ ಜಗ್ಗದ ವೈರಸ್ ಬೇಕಾದರೆ ಒಂದೇ ಪ್ರತಿಯಲ್ಲಿ ಎರಡೂ ತಪ್ಪು ಆಗಬೇಕು. ಲಕ್ಷವನ್ನು ಲಕ್ಷದಿಂದ ಗುಣಿಸಿ: 1,000 ಕೋಟಿಗೆ ಒಂದು. ಅಂದರೆ ದಿನಕ್ಕೆ ಒಂದು. ಮೂರಕ್ಕೂ ಜಗ್ಗದ ವೈರಸ್? ಇನ್ನೊಮ್ಮೆ ಲಕ್ಷದಿಂದ ಗುಣಿಸಿ. ಅದು ಹುಟ್ಟಲು ಒಂದು ಲಕ್ಷ ದಿನ ಕಾಯಬೇಕು. ಸುಮಾರು 274 ವರ್ಷ!

ಇದು ಪಾಠಕ್ಕೆ ಹಾಕಿದ ಲೆಕ್ಕ. ನಿಜವಾದ ವೈರಸ್ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ. ಕೆಲವು ಔಷಧಿಗಳನ್ನು ಸೋಲಿಸಲು ಒಂದಕ್ಷರ ಸಾಲದು, ಮೂರು ನಾಲ್ಕು ಬೇಕು. ಎರಡು ವೈರಸ್‌ಗಳು ತಮ್ಮ ಗ್ರಂಥದ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದೂ ಉಂಟು. ಆದರೂ ಮೂರರ ಬಲ ಎಲ್ಲಿಂದ ಬಂತು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮೂವರು ಕಾವಲುಗಾರರೂ ಎಚ್ಚರವಾಗಿದ್ದರೆ ಕಳ್ಳ ನುಗ್ಗಲಾರ. ಅಷ್ಟೇ ಅಲ್ಲ, ನಕಲು ನಡೆಯುವುದೇ ನಿಂತರೆ ತಪ್ಪು ಹುಟ್ಟಲು ಅವಕಾಶವೇ ಇರುವುದಿಲ್ಲ.

ಹಾಗಾದರೆ ತೊಂದರೆ ಬರುವುದು ಯಾವಾಗ? ಮಾತ್ರೆಯನ್ನು ಪೂರ್ತಿ ತೆಗೆದುಕೊಂಡಾಗಲೂ ಅಲ್ಲ, ಪೂರ್ತಿ ಬಿಟ್ಟಾಗಲೂ ಅಲ್ಲ. ಪೂರ್ತಿ ಬಿಟ್ಟರೆ ರೋಗ ಉಲ್ಬಣಿಸುತ್ತದೆ, ಅದು ಬೇರೆ ಅಪಾಯ. ಆದರೆ ನಿರೋಧ ಬೆಳೆಯುವುದು ನಡುವಿನ ದಾರಿಯಲ್ಲಿ. ಇವತ್ತು ನುಂಗಿ, ನಾಳೆ ಬಿಟ್ಟು, ನಾಳಿದ್ದು ಮತ್ತೆ ನುಂಗಿದರೆ ರಕ್ತದಲ್ಲಿ ಔಷಧಿಯ ಮಟ್ಟ ಅರೆಬರೆಯಾಗುತ್ತದೆ. ನಕಲು ನಡೆಯುವಷ್ಟು ಸಡಿಲ, ಸಾಧು ವೈರಸ್‌ಗಳನ್ನು ಅಳಿಸುವಷ್ಟು ಬಿಗಿ. ಅಂಥ ಹೊತ್ತಿನಲ್ಲಿ ಉಳಿದು ಬೆಳೆಯುವುದು ಜಗ್ಗದ ವೈರಸ್ ಮಾತ್ರ. ರಾಗಿ ಹೊಲದಲ್ಲಿ ಮೆತ್ತನೆಯ ಕಳೆ ಕಿತ್ತು, ಗಟ್ಟಿ ಬೇರಿನ ಕಳೆಯನ್ನು ಹಾಗೇ ಬಿಟ್ಟರೆ ಮುಂದಿನ ಮಳೆಗೆ ಹೊಲವೆಲ್ಲ ಯಾವ ಕಳೆ ಎಂದು ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮೂರು ಔಷಧಿಗಳೂ ರಕ್ತದಲ್ಲಿ ಒಂದೇ ಸಮ ಉಳಿಯುವುದಿಲ್ಲ. ನಮ್ಮಲ್ಲಿ ಬಹಳ ವರ್ಷ ಕೊಡುತ್ತಿದ್ದ ನೆವಿರಾಪಿನ್, ಎಫವಿರೆಂಜ್ ನಿಧಾನವಾಗಿ ಇಳಿಯುವ ಔಷಧಿಗಳು. ಮಾತ್ರೆ ನಿಲ್ಲಿಸಿದ ಮೇಲೆ ಉಳಿದೆರಡು ಬೇಗ ಖಾಲಿಯಾದರೂ ಇವು ಎಷ್ಟೋ ದಿನ ಉಳಿದಿರುತ್ತವೆ. ಇಬ್ಬರು ಕಾವಲುಗಾರರು ಮನೆಗೆ ಹೋಗಿ ಒಬ್ಬನೇ ಉಳಿದ ಹಾಗೆ. ಆ ಒಬ್ಬನನ್ನು ದಾಟಲು ವೈರಸ್ಸಿಗೆ ಒಂದೇ ಅಕ್ಷರದ ತಪ್ಪು ಸಾಕಾಗಿತ್ತು.

ಪಾಠಾಂತರ ಓದುವ ಪರೀಕ್ಷೆ

ಈಗ ಪರೀಕ್ಷೆಗೆ ಬರೋಣ. ಚಿಕಿತ್ಸೆಯಲ್ಲಿರುವವರ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂದು ಮೊದಲು ಎಣಿಸುತ್ತಾರೆ. ಇದಕ್ಕೆ ವೈರಲ್ ಲೋಡ್ ಪರೀಕ್ಷೆ ಎಂದು ಹೆಸರು. ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಎಣಿಕೆಗೆ ಸಿಗದಷ್ಟು ಕಡಿಮೆ ಇರುತ್ತದೆ. ಸಂಖ್ಯೆ ಏರಿದ್ದರೆ, ಏಕೆ ಏರಿತು ಎಂದು ತಿಳಿಯಲು ಎರಡನೆಯ ಪರೀಕ್ಷೆ. ಅದೇ ನಿರೋಧದ ಜೀನ್ ಪರೀಕ್ಷೆ.

ಸ್ವಲ್ಪ ರಕ್ತ ತೆಗೆದು, ಕಣಗಳನ್ನು ಬೇರ್ಪಡಿಸಿ, ತಿಳಿಯಾದ ಪ್ಲಾಸ್ಮಾದಿಂದ ವೈರಸ್ಸಿನ ಆರ್‌ಎನ್‌ಎ ತೆಗೆಯುತ್ತಾರೆ. ಅದನ್ನು ಡಿಎನ್‌ಎ ಆಗಿ ನಕಲು ಮಾಡುತ್ತಾರೆ. ಈ ಕೆಲಸಕ್ಕೆ ಬಳಸುವುದೂ ಒಂದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನೇ! ಆಮೇಲೆ ಪಿಸಿಆರ್ ವಿಧಾನದಿಂದ ಬೇಕಾದ ಭಾಗವನ್ನು ಮಾತ್ರ ಕೋಟಿಗಟ್ಟಲೆ ಹೆಚ್ಚಿಸಿಕೊಳ್ಳುತ್ತಾರೆ. ಇಡೀ ಗ್ರಂಥ ಬೇಕಾಗಿಲ್ಲ. ಔಷಧಿಗಳು ದಾಳಿ ಮಾಡುವ ಕಿಣ್ವಗಳ ಅಧ್ಯಾಯ ಸಾಕು.

ಅಕ್ಷರ ಓದುವ ವಿಧಾನ ಸ್ವಾರಸ್ಯಕರ. ಅದನ್ನು 1977ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಅವರಿಗೆ 1980ರಲ್ಲಿ ಎರಡನೆಯ ನೊಬೆಲ್ ಬಂದದ್ದು ಇದಕ್ಕೇ. ಅವರ ಉಪಾಯವೂ ಕೊಂಡಿಯಿಲ್ಲದ ಬೋಗಿಯೇ! ನಕಲು ನಡೆಯುವಾಗ ನಾಲ್ಕೂ ಬಗೆಯ ಕೊಂಡಿಯಿಲ್ಲದ ಬೋಗಿಗಳನ್ನು ಸ್ವಲ್ಪ ಸ್ವಲ್ಪ ಬೆರೆಸಿದರೆ ರೈಲುಗಳು ಬೇರೆ ಬೇರೆ ಉದ್ದಕ್ಕೆ ನಿಲ್ಲುತ್ತವೆ. ಈಗಿನ ಯಂತ್ರಗಳಲ್ಲಿ ಆ ಕೊನೆಯ ಬೋಗಿಗೆ ಬಣ್ಣ ಹಚ್ಚಿರುತ್ತಾರೆ, ನಾಲ್ಕು ಅಕ್ಷರಕ್ಕೆ ನಾಲ್ಕು ಬಣ್ಣ. ಗಿಡ್ಡದ್ದರಿಂದ ಉದ್ದದ್ದಕ್ಕೆ ಸಾಲಾಗಿ ನಿಲ್ಲಿಸಿ ಕೊನೆಯ ಬಣ್ಣ ನೋಡುತ್ತಾ ಹೋದರೆ ಗ್ರಂಥವನ್ನು ಅಕ್ಷರಶಃ ಓದಿದಂತಾಯಿತು. ವೈರಸ್ಸನ್ನು ತಡೆಯಲು ಬಳಸಿದ ಉಪಾಯದಿಂದಲೇ ವೈರಸ್ಸಿನ ತಪ್ಪನ್ನೂ ಹಿಡಿಯುವುದು!

ಹೀಗೆ ಓದಿದ ಪಾಠವನ್ನು ಮೂಲಪಾಠದ ಜೊತೆ ಹೋಲಿಸುತ್ತಾರೆ. ಎಲ್ಲೆಲ್ಲಿ ವ್ಯತ್ಯಾಸವಿದೆ, ಅದರಿಂದ ಯಾವ ಔಷಧಿಗೆ ಎಷ್ಟು ಏಟು ಎಂದು ತಿಳಿಯಲು ದೊಡ್ಡ ಪಟ್ಟಿಗಳಿವೆ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯ ಇಟ್ಟುಕೊಂಡು ಬಂದಿರುವ ಮಾಹಿತಿ ಭಂಡಾರ ಪ್ರಪಂಚದ ವೈದ್ಯರಿಗೆಲ್ಲ ಮುಕ್ತವಾಗಿದೆ.

ಇದರಿಂದ ರೋಗಿಗೆ ನಿಜಕ್ಕೂ ಲಾಭವಿದೆಯೇ? ಫ್ರಾನ್ಸಿನಲ್ಲಿ 108 ರೋಗಿಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಔಷಧಿ ಸೋತಿದ್ದ ಇವರಲ್ಲಿ ಕೆಲವರಿಗೆ ವೈದ್ಯರು ತಮ್ಮ ಅನುಭವದಿಂದಲೇ ಹೊಸ ಔಷಧಿ ಆರಿಸಿದರು. ಉಳಿದವರಿಗೆ ಈ ಪರೀಕ್ಷೆಯ ವರದಿ ನೋಡಿ ಆರಿಸಿದರು. ಆರು ತಿಂಗಳಾದ ಮೇಲೆ ಮೊದಲ ಗುಂಪಿನಲ್ಲಿ ವೈರಸ್ ಸರಾಸರಿ ಐದನೇ ಒಂದು ಭಾಗಕ್ಕೆ ಇಳಿದಿತ್ತು. ಎರಡನೆಯ ಗುಂಪಿನಲ್ಲಿ ಸುಮಾರು ಹದಿನಾಲ್ಕನೇ ಒಂದು ಭಾಗಕ್ಕೆ! ಕಣ್ಣು ಮುಚ್ಚಿ ಹೊಡೆಯುವ ಕಲ್ಲಿಗೂ ಗುರಿಯಿಟ್ಟು ಹೊಡೆಯುವ ಕಲ್ಲಿಗೂ ಅಷ್ಟು ಅಂತರ.

ವರದಿಯನ್ನೂ ಓದಲು ಬರಬೇಕು

ಆದರೆ ಇದು ಪಾಸು-ಫೇಲು ಎಂದು ಹೇಳುವ ಪರೀಕ್ಷೆಯಲ್ಲ. ಮಿಲಿಲೀಟರ್ ಪ್ಲಾಸ್ಮಾದಲ್ಲಿ ವೈರಸ್ಸಿನ ಸುಮಾರು ಸಾವಿರ ಪ್ರತಿಗಳಾದರೂ ಇಲ್ಲದಿದ್ದರೆ ಸಾಮಾನ್ಯವಾಗಿ ಪರೀಕ್ಷೆ ಮಾಡಲಾಗುವುದಿಲ್ಲ. ಗುಂಪಿನಲ್ಲಿ ಶೇಕಡಾ 15-20ಕ್ಕಿಂತ ಕಡಿಮೆ ಇರುವ ಪಾಠಾಂತರಗಳು ಸ್ಯಾಂಗರ್ ವಿಧಾನದ ಕಣ್ಣಿಗೆ ಬೀಳುವುದಿಲ್ಲ. ಮಾತ್ರೆ ನಿಲ್ಲಿಸಿ ಕೆಲವು ವಾರ ಕಳೆದ ಮೇಲೆ ಮಾಡಿದರೆ ಹಳೆಯ ಸಾಧು ವೈರಸ್ಸೇ ಮತ್ತೆ ತುಂಬಿಕೊಂಡಿರುತ್ತದೆ, ಜಗ್ಗದ್ದು ಅಲ್ಪಸಂಖ್ಯಾತವಾಗಿ ಅಡಗಿರುತ್ತದೆ. ಅದಕ್ಕೇ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಪರೀಕ್ಷೆ ಆಗಬೇಕು. ಒಮ್ಮೆ ಬಂದ ಪಾಠಾಂತರ ನಮ್ಮ ಬಿಳಿ ರಕ್ತಕಣಗಳ ಕಪಾಟಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಹಳೆಯ ವರದಿಗಳನ್ನು ಎಸೆಯಬಾರದು.

ಒಂದು ವಿಚಿತ್ರ ಕೇಳಿ. ಲ್ಯಾಮಿವುಡಿನ್‌ಗೆ ಜಗ್ಗದ ಎಂ-184-ವಿ ವೈರಸ್ ಕುಂಟು ಕುದುರೆಯಿದ್ದ ಹಾಗೆ. ಔಷಧಿಯಿಂದ ತಪ್ಪಿಸಿಕೊಂಡರೂ ಮೊದಲಿನಷ್ಟು ವೇಗವಾಗಿ ವೃದ್ಧಿಯಾಗಲಾರದು. ಜೊತೆಗೆ ಎಝಡ್‌ಟಿ, ಟೆನೊಫೋವಿರ್ ಔಷಧಿಗಳಿಗೆ ಇನ್ನಷ್ಟು ಸುಲಭವಾಗಿ ತುತ್ತಾಗುತ್ತದೆ. ಆದ್ದರಿಂದ ಈ ಪಾಠಾಂತರ ಕಂಡ ಮೇಲೂ ವೈದ್ಯರು ಲ್ಯಾಮಿವುಡಿನ್ ಮುಂದುವರಿಸುವುದುಂಟು. ಸೋತ ಔಷಧಿಯನ್ನೂ ಬೇಕೆಂದೇ ಉಳಿಸಿಕೊಳ್ಳುವುದು! ವರದಿಯನ್ನು ನೋಡಿ ನಾವೇ ತೀರ್ಮಾನ ಮಾಡಿಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಖಾಲಿ ವರದಿ

ಈಗ ಎರಡನೆಯ ಚೀಟಿ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹುಟ್ಟುವಾಗಲೇ ತಾಯಿಯಿಂದ ಸೋಂಕು ಬಂದಿದೆ. ಮನೆಯಲ್ಲಿರುವವರೆಗೆ ಅಜ್ಜಿ ದಿನಾ ರಾತ್ರಿ ಮಾತ್ರೆ ಕೊಡುತ್ತಿದ್ದಳು, ಎಲ್ಲ ಸರಿಯಾಗಿತ್ತು. ಪಿಯುಸಿಗೆ ಹಾಸ್ಟೆಲಿಗೆ ಬಂದ. ಒಂದು ಕೋಣೆಯಲ್ಲಿ ಆರು ಜನ. ವರ್ಷದ ಕೊನೆಗೆ ವೈರಲ್ ಲೋಡ್ ಏರಿದೆ. ಔಷಧಿ ಸೋತಿದೆ ಎಂದು ಎಲ್ಲರಿಗೂ ಗಾಬರಿ. ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ವರದಿ ಬರುತ್ತದೆ. ಒಂದೇ ಒಂದು ಪಾಠಾಂತರವೂ ಇಲ್ಲ. ಎಲ್ಲ ಔಷಧಿಗಳೂ ನಾಟುತ್ತವೆ!

ಮೇಲಿನ ಲೆಕ್ಕ ಅರ್ಥವಾದವರಿಗೆ ಈ ಖಾಲಿ ವರದಿಯೂ ಅರ್ಥವಾಗುತ್ತದೆ. ಔಷಧಿ ರಕ್ತದಲ್ಲಿ ಇದ್ದೂ ವೈರಸ್ ಬೆಳೆದಿದ್ದರೆ ಪಾಠಾಂತರ ಕಾಣಬೇಕಿತ್ತು. ಕಾಣುತ್ತಿಲ್ಲ ಎಂದರೆ, ಬಹುಮಟ್ಟಿಗೆ ಔಷಧಿ ರಕ್ತಕ್ಕೆ ಹೋಗುತ್ತಲೇ ಇಲ್ಲ. ಸೋತದ್ದು ಮಾತ್ರೆಯಲ್ಲ. ಅದನ್ನು ನುಂಗಲು ಅವನಿಗೊಂದು ಮೂಲೆ ಸಿಕ್ಕಿಲ್ಲ.

ಇಲ್ಲಿ ತಂದೆತಾಯಿಗಳು, ವಾರ್ಡನ್‌ಗಳು ಎಚ್ಚರವಾಗಿರಬೇಕು. ಈ ವರದಿಯನ್ನು ಪೊಲೀಸರ ಸಾಕ್ಷಿಯಂತೆ ಹಿಡಿದು ‘ಸುಳ್ಳು ಹೇಳಿದೆಯಾ?’ ಎಂದು ಗದರಿಸಿದರೆ ಹುಡುಗ ಮುಂದಿನ ಸಲ ಇನ್ನೂ ಚೆನ್ನಾಗಿ ಸುಳ್ಳು ಹೇಳಲು ಕಲಿಯುತ್ತಾನೆ, ಅಷ್ಟೆ. ಅದೇ ವರದಿಯನ್ನು ಶುಭವಾರ್ತೆಯಾಗಿಯೂ ಓದಬಹುದು: ‘ಯಾವ ಬಾಗಿಲೂ ಮುಚ್ಚಿಲ್ಲ. ಹಳೆಯ ಮಾತ್ರೆಯೇ ಕೆಲಸ ಮಾಡುತ್ತದೆ. ಎಲ್ಲಿ ತೊಡಕಾಯಿತು ಹೇಳು, ಸೇರಿ ಸರಿಮಾಡೋಣ.’ ವೈರಸ್ಸಿನ 9,700 ಅಕ್ಷರಗಳನ್ನು ಓದುವ ಯಂತ್ರ ಬಂದಿದೆ. ಮಾತ್ರೆ ಏಕೆ ತಪ್ಪಿತು ಎಂದು ಓದುವ ಯಂತ್ರ ಬಂದಿಲ್ಲ. ಅದನ್ನು ಮನುಷ್ಯರೇ ಕೇಳಬೇಕು, ಮೆಲ್ಲಗೆ.

ನೆನಪಿಸಿದರೆ ಸಾಕೇ? ದಕ್ಷಿಣ ಭಾರತದಲ್ಲಿ 631 ರೋಗಿಗಳ ಮೇಲೆ ಎರಡು ವರ್ಷ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ವಾರವಾರ ಮೊಬೈಲಿಗೆ ಕರೆ ಬರುತ್ತಿತ್ತು, ಇನ್ನೊಂದಕ್ಕೆ ಇಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ಗುಂಪುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ನನಗನಿಸುವುದು ಇಷ್ಟು: ಗಂಟೆ ಬಾರಿಸಿದರೆ ಮರೆವು ಹೋಗಬಹುದು, ಭಯ ಹೋಗುವುದಿಲ್ಲ.

ನಮ್ಮಲ್ಲಿ ಹೇಗೆ?

2023ರ ಅಂದಾಜಿನಂತೆ ಭಾರತದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 25 ಲಕ್ಷ. ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ. ಆ ಆರರಲ್ಲಿ ಕರ್ನಾಟಕವೂ ಒಂದು. ಈಗ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ವೈರಲ್ ಲೋಡ್ ಪರೀಕ್ಷೆಯೂ ಉಚಿತ.

ಜೀನ್ ಪರೀಕ್ಷೆ ದುಬಾರಿ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ಎಲ್ಲರಿಗೂ ಮಾಡುವುದಿಲ್ಲ. ವೈರಲ್ ಲೋಡ್ ಸಾವಿರ ದಾಟಿದರೆ ಮೊದಲು ಆಪ್ತಸಮಾಲೋಚಕರು ಕೂರಿಸಿಕೊಂಡು ಮಾತಾಡುತ್ತಾರೆ, ಮಾತ್ರೆ ತಪ್ಪುತ್ತಿದ್ದರೆ ದಾರಿ ಹುಡುಕುತ್ತಾರೆ. ತಿಂಗಳುಗಳ ನಂತರ ಮತ್ತೆ ಎಣಿಸುತ್ತಾರೆ. ಆಗಲೂ ಇಳಿಯದಿದ್ದರೆ ತಜ್ಞರ ಸಮಿತಿಗೆ ಹೋಗುತ್ತದೆ. ದುಡ್ಡು ಉಳಿಸುವ ಉಪಾಯ ಎಂದು ಮೂಗು ಮುರಿಯಬೇಡಿ. ಖಾಲಿ ವರದಿಯ ಕತೆ ನೆನಪಿಸಿಕೊಂಡರೆ, ಈ ಮಾತುಕತೆ ಮೊದಲು ಬರುವುದರಲ್ಲಿ ಅರ್ಥವಿದೆ.

2020ರ ನಂತರದ ವರ್ಷಗಳಲ್ಲಿ ನಮ್ಮಲ್ಲಿ ಮುಖ್ಯ ಔಷಧಿಯಾಗಿರುವುದು ಡೊಲುಟೆಗ್ರಾವಿರ್. ಟೆನೊಫೋವಿರ್, ಲ್ಯಾಮಿವುಡಿನ್ ಜೊತೆ ಸೇರಿಸಿ ದಿನಕ್ಕೆ ಒಂದೇ ಮಾತ್ರೆ. ಇದು ತಡೆಯುವುದು ವೈರಸ್ಸಿನ ಇಂಟಿಗ್ರೇಸ್ ಎಂಬ ಬೇರೊಂದು ಕಿಣ್ವವನ್ನು. ಆದ್ದರಿಂದ ಈಗ ಪರೀಕ್ಷೆ ಮಾಡುವವರು ಆ ಅಧ್ಯಾಯವನ್ನೂ ಓದಬೇಕು. ಇದನ್ನು ಸೋಲಿಸುವುದು ವೈರಸ್ಸಿಗೆ ಕಷ್ಟ. ಹಾಗಂತ ಅಸಾಧ್ಯವಲ್ಲ. ಡೊಲುಟೆಗ್ರಾವಿರ್ ಪಡೆಯುವವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಹತೋಟಿಯಲ್ಲಿದೆ ಎಂದ ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯೇ ಇನ್ನೊಂದು ಮಾತನ್ನೂ ಹೇಳಿತು. ಸಮೀಕ್ಷೆಗಳಲ್ಲಿ ಈ ಔಷಧಿಗೆ ಕಂಡ ನಿರೋಧ ಶೇಕಡಾ 3.9ರಿಂದ 8.6ರವರೆಗೆ ಇತ್ತು. ಮೊದಲೇ ಬೇರೆ ಔಷಧಿ ತೆಗೆದುಕೊಂಡಿದ್ದು, ವೈರಸ್ ಹೆಚ್ಚಿದ್ದಾಗಲೇ ಇದಕ್ಕೆ ಬದಲಾದವರಲ್ಲಿ 19.6ರವರೆಗೆ. ಲಿಪಿಕಾರ ಈಗಲೂ ಕೆಲಸ ಮಾಡುತ್ತಿದ್ದಾನೆ ಎಂದಾಯಿತು.

ಆ ಚೀಟಿಗೆ ಉತ್ತರ

ಚೀಟಿ ಬರೆದ ಮಗುವೇ, ನೀನು ಯಾರು ಎಂದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದು ದಿನ ತಪ್ಪಿದ್ದಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡ. ನೆನಪಾದ ಕೂಡಲೇ ನುಂಗು. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಎರಡನ್ನು ಒಟ್ಟಿಗೆ ನುಂಗಬೇಡ. ಆದರೆ ‘ಆಗಾಗ’ ಎಂದು ಬರೆದಿದ್ದೀಯಲ್ಲ, ಆ ಮಾತು ನನ್ನನ್ನು ಕಾಡುತ್ತಿದೆ. ವೈರಸ್ಸಿಗೆ ಬೇಕಾಗಿರುವುದು ಅದೇ ‘ಆಗಾಗ’.

ನಿನ್ನ ಎಆರ್‌ಟಿ ಕೇಂದ್ರದ ಸಮಾಲೋಚಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. ರಾತ್ರಿಯೇ ನುಂಗಬೇಕೆಂಬ ನಿಯಮವೇನೂ ಇಲ್ಲದಿರಬಹುದು, ನಿನಗೆ ಒಂಟಿಯಾಗಿ ಎರಡು ನಿಮಿಷ ಸಿಗುವ ಹೊತ್ತಿಗೆ ಬದಲಾಯಿಸಬಹುದೇ ಎಂದು ಕೇಳು. ಶಾಲೆ ಕಾಲೇಜಿನಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದರೆ ಅದನ್ನೂ ತಿಳಿಸು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮುಖ ತೋರಿಸಲು ಅಂಜಿಕೆಯಾದರೆ 1097 ಎಂಬ ಉಚಿತ ಸಹಾಯವಾಣಿ ಇದೆ. ಕಾನೂನೂ ನಿನ್ನ ಪರವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಸೋಂಕಿದೆ ಎಂದು ಶಾಲೆ ಕಾಲೇಜುಗಳಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸಿದೆ. ನಿನ್ನ ವಿಷಯವನ್ನು ಇನ್ನೊಬ್ಬರಿಗೆ ಹೇಳಬೇಕೇ ಬೇಡವೇ ಎಂಬ ನಿರ್ಧಾರವನ್ನು ನಿನ್ನ ಕಡೆಯವರ ಕೈಯಲ್ಲೇ ಇಟ್ಟಿದೆ.

ಉಳಿದ ವಿದ್ಯಾರ್ಥಿಗಳಿಗೆ ಒಂದು ಮಾತು. ಒಂದೇ ಕೋಣೆಯಲ್ಲಿ ಮಲಗುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಎಚ್‌ಐವಿ ಹರಡುವುದಿಲ್ಲ ಎಂದು ನಿಮಗೆ ಪಾಠದಲ್ಲಿ ಹೇಳಿದ್ದಾರೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೀರಿ. ನಿಮ್ಮ ಕೋಣೆಯ ಗೆಳೆಯನೊಬ್ಬ ಏನೋ ಮಾತ್ರೆ ನುಂಗುತ್ತಿರುವುದು ಕಂಡರೆ ‘ಏನದು?’ ಎಂದು ಕೇಳದೆ ಒಂದು ಲೋಟ ನೀರು ಮುಂದಿಡಿ. ಅದು ಶೀತಕ್ಕೆ ನುಂಗಿದ ಮಾತ್ರೆಯಾಗಿದ್ದರೂ ನಿಮಗೆ ನಷ್ಟವಿಲ್ಲ. ಬೇರೆ ಮಾತ್ರೆಯಾಗಿದ್ದರೆ, ಯಾವ ಪ್ರಯೋಗಾಲಯಕ್ಕೂ ಹೋಗದೆ ಒಂದು ಪಾಠಾಂತರವನ್ನು ಹುಟ್ಟುವ ಮುಂಚೆಯೇ ತಡೆದಿರುತ್ತೀರಿ.